ಅಕ್ಕಿ ಡಬ್ಬದಲ್ಲಿ ಮಾವ ಕೊಟ್ಟ ವಾಚು

ವಾಷಿಂಗ್ ಮೆಷಿನ್ನಿನ ಗಾಜಿನ ಬಾಗಿಲಿನ ಹಿಂದೆ ತನ್ನ ಪ್ಯಾಂಟು ಗಿರಗಿರನೆ ತಿರುಗುವುದನ್ನು ಛತ್ರಿ ಹಲ್ಲುಜ್ಜುತ್ತಾ ನೋಡುತ್ತಿದ್ದ. ಇದ್ದಕ್ಕಿದ್ದಂತೆ ನೊರೆಯ ನಡುವಿನಿಂದ ಏನೋ ಹಸಿರಾಗಿ ಮಿನುಗಿತು. ಮುಂದಿನ ಸುತ್ತಿಗೆ ಅದೇ ಹಸಿರು ಗಾಜಿಗೆ ಟಕ್ಕೆಂದು ಬಡಿದು ಅವನಿಗೆ ಕಣ್ಣು ಹೊಡೆಯಿತು. ಮೂರನೆಯ ಸುತ್ತಿಗೆ ಛತ್ರಿಗೆ ಅದರ ಗುರುತು ಸಿಕ್ಕಿತು. ಬಾಯಲ್ಲಿದ್ದ ಬ್ರಷ್ಷು ಕೆಳಗೆ ಬಿತ್ತು.

"ಲೇ! ವಾಚು! ನನ್ನ ವಾಚು ಒಳಗಿದೆ! ನಿಲ್ಸು ಇದನ್ನ!"

"ನಿಲ್ಸಿದ್ರೂ ಬಾಗಿಲು ತೆಗೆಯಲ್ಲ ಅದು," ಎಂದಳು ಹೆಂಡತಿ, ಬಟ್ಟೆಯ ಬುಟ್ಟಿ ಕೆಳಗಿಡದೆ. "ನೀರು ಪೂರ್ತಿ ಹೋಗ್ಬೇಕು. ಜೇಬು ನೋಡಿ ಹಾಕಿ ಅಂತ ಮದುವೆಯಾದಾಗಿನಿಂದ ಹೇಳ್ತಿದೀನಿ."

ಛತ್ರಿ ಬಾಗಿಲನ್ನು ಎಳೆದ, ಗುದ್ದಿದ, ಕೊನೆಗೆ ಗಾಜಿಗೆ ಹಣೆ ಒತ್ತಿ ನಿಂತ. ವಾಚು ಒಂದು ಕಾಲುಚೀಲದ ಜೊತೆ ಕೈಕೈ ಹಿಡಿದುಕೊಂಡು ಸುತ್ತುತ್ತಲೇ ಇತ್ತು.

ಇಲ್ಲಿ ಛತ್ರಿಯ ವಿಷಯ ನಾಲ್ಕು ಮಾತು ಹೇಳಬೇಕು. ಅವನು ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನ ಗುಮಾಸ್ತ. ಜನ ಬಸ್ಸಿನಲ್ಲಿ ಬಿಟ್ಟು ಹೋಗುವ ವಸ್ತುಗಳಲ್ಲಿ ಮುಕ್ಕಾಲು ಪಾಲು ಛತ್ರಿಗಳೇ ಆದ್ದರಿಂದ ಡ್ರೈವರುಗಳು ಅವನಿಗೆ ಆ ಹೆಸರಿಟ್ಟಿದ್ದರು. ಛತ್ರಿ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆಯಷ್ಟೆ. ಆ ಅರ್ಥಕ್ಕೆ ಬೇಕಾಗುವ ಚಾಲಾಕಿತನ ಅವನಲ್ಲಿರಲಿಲ್ಲ. ಇದ್ದ ಒಂದೇ ಒಂದು ಕಳ್ಳಾಟವೂ ಈಗ ಸೋಪಿನ ನೀರಿನಲ್ಲಿ ತಿರುಗುತ್ತಿತ್ತು.

ಅವನ ಮಾವ ಈಜಿನ ಮೇಷ್ಟ್ರು. ಊರಿನ ಈಜುಕೊಳದಲ್ಲಿ ಮೂರು ತಲೆಮಾರಿಗೆ ಕೈಕಾಲು ಬಡಿಯಲು ಕಲಿಸಿ, ಈಗ ನಿವೃತ್ತರಾಗಿ ಹಳ್ಳಿ ಸೇರಿದವರು. ಕೊಳದ ಆ ದಡದಲ್ಲಿರುವವರಿಗೆ ಕೇಳುವಂತೆ ಕೂಗಿ ಕೂಗಿ, ಪಕ್ಕದಲ್ಲಿ ಕೂತವರೊಡನೆಯೂ ಅದೇ ದನಿಯಲ್ಲಿ ಮಾತಾಡುತ್ತಿದ್ದರು. ಅವರ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ, ಈಜು ಬರುವವರು ಮತ್ತು ಮುಳುಗಲಿರುವವರು. ಒಬ್ಬಳೇ ಮಗಳನ್ನು ಎರಡನೆಯ ಜಾತಿಗೆ ಕೊಟ್ಟ ಕೊರಗು ಅವರನ್ನು ಬಿಟ್ಟಿರಲಿಲ್ಲ. ಹೋದ ಸಲ ಬಂದಾಗ ಅಳಿಯನ ಕೈಗೆ ಸ್ಮಾರ್ಟ್ ವಾಚು ಕಟ್ಟಿ, "ಅಳಿಯಂದಿರೇ, ಐವತ್ತು ಮೀಟರ್ ಆಳಕ್ಕೆ ಹೋದ್ರೂ ಇದಕ್ಕೇನೂ ಆಗಲ್ಲ. ಇನ್ನು ನಿಮ್ಮ ಸರದಿ. ನಾಳೆಯಿಂದ ಕೊಳಕ್ಕೆ ಹೋಗಿ," ಎಂದು ಹೇಳಿ ಹೋಗಿದ್ದರು.

ಛತ್ರಿ ಅಂದಿನಿಂದ ತಪ್ಪದೆ ಬೆಳಿಗ್ಗೆ ಟವೆಲ್ಲು ಸುತ್ತಿಕೊಂಡು ಹೊರಡುತ್ತಿದ್ದ. ಕೊಳದ ಗೇಟಿನವರೆಗೂ ಹೋಗುತ್ತಿದ್ದ. ಗೇಟಿನ ಎದುರಿಗೆ ಟೀ ಅಂಗಡಿಯ ಬೆಂಚಿತ್ತು. ಅಲ್ಲಿ ಎರಡು ಟೀ ಕುಡಿದು, ಅಂಗಡಿಯ ನಲ್ಲಿಗೆ ತಲೆಯೊಡ್ಡಿ ಕೂದಲು ಒದ್ದೆ ಮಾಡಿಕೊಂಡು, ಏದುಸಿರು ಬಿಡುತ್ತಾ ಮನೆಗೆ ಬರುತ್ತಿದ್ದ. ನಲ್ಲಿಯ ನೀರು ಸಿಡಿದು ವಾಚು ಎಲ್ಲಿ ಹಾಳಾದೀತೋ ಎಂದು ಅದನ್ನು ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕುತ್ತಿದ್ದ. ಐವತ್ತು ಮೀಟರ್ ಆಳ ನೋಡಬೇಕಾಗಿದ್ದ ವಾಚು ಹೀಗೆ ಜೇಬಿನ ಆಳವನ್ನಷ್ಟೇ ನೋಡಿಕೊಂಡಿತ್ತು. ಮಾವ ಫೋನಿನಲ್ಲಿ "ಎಷ್ಟು ಸುತ್ತು?" ಎಂದು ಕೇಳಿದರೆ, ಆ ದಿನ ಕುಡಿದ ಟೀಗಳನ್ನು ನೆನೆದು, ಅದಕ್ಕೆ ಒಂದಿಷ್ಟು ಸೇರಿಸಿ ಹೇಳುತ್ತಿದ್ದ.

ಅಂಥ ಮಾವ ಇವತ್ತು ಸಂಜೆ ಬರುವವರಿದ್ದರು.

ಮೆಷಿನ್ನು ಬಾಗಿಲು ತೆಗೆದಾಗ ವಾಚು ಕೊನೆಯದಾಗಿ ಒಮ್ಮೆ ಮಿಣುಕಿ ಕಪ್ಪಾಯಿತು. ಛತ್ರಿಯ ಕೂಗಿಗೆ ಅಕ್ಕಪಕ್ಕದವರು ಬಂದಾಗಿತ್ತು. ನಮ್ಮ ಜನಕ್ಕೆ ಗೊತ್ತಿಲ್ಲದ ವಿದ್ಯೆ ಯಾವುದೂ ಇಲ್ಲ, ಅದರಲ್ಲೂ ಬೇರೆಯವರ ಸಾಮಾನು ಕೆಟ್ಟಾಗ. ಮೇಲಿನ ಮನೆಯ ದರ್ಜಿ ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಒಳಗೆ ನೀರಿದೆ. ಮೇಲೊಂದು ಬಟ್ಟೆ ಹಾಕಿ ಹದವಾಗಿ ಇಸ್ತ್ರಿ ಹೊಡೆದ್ರೆ ಎಳ್ಕೊಳ್ಳುತ್ತೆ. ಎಂಥೆಂಥ ಕೋಟನ್ನೇ ಸರಿಮಾಡಿದೀನಿ," ಎಂದ.

"ಇಸ್ತ್ರಿನಾ? ಬೆಣ್ಣೆ ಹಂಗೆ ಕರಗಿಹೋಗುತ್ತೆ!" ಎಂದು ಎದುರುಮನೆಯಾಕೆ ಅವನ ಕೈಯಿಂದ ವಾಚು ಕಿತ್ತುಕೊಂಡಳು. "ಅಕ್ಕಿ ಡಬ್ಬದಲ್ಲಿ ಹೂತಿಡಿ. ನಮ್ಮ ಯಜಮಾನ್ರ ಫೋನು ಬಕೆಟ್ಟಿಗೆ ಬಿದ್ದಾಗ ಹಾಗೇ ಮಾಡಿದ್ದು. ಎರಡು ದಿನ ಮುಟ್ಟಬಾರ್ದು."

"ಸರಿಹೋಯ್ತಾ ಫೋನು?"

"ಫೋನು ಹೋಯ್ತು. ಆದ್ರೆ ಒಳಗೆ ಒಂದು ಹನಿ ನೀರಿರಲಿಲ್ಲ."

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ವಾಚು ಅಕ್ಕಿ ಡಬ್ಬ ಸೇರಿತು. ಅದರ ಪಕ್ಕ ಕಾವಲು ಕೂರುವುದು ಅಗತ್ಯವೆಂದು ತೋರಿದ್ದರಿಂದ ಛತ್ರಿ ರಜೆ ಕೇಳಲು ಡಿಪೋ ಮ್ಯಾನೇಜರಿಗೆ ಫೋನು ಮಾಡಿದ. ಹೆಂಡತಿ ಅಷ್ಟರಲ್ಲಿ ಎರಡನೆಯ ಸಲದ ಬಟ್ಟೆ ಹಾಕಿದ್ದಳು. ಮೆಷಿನ್ನು ಹಿಂಡುವ ಹಂತಕ್ಕೆ ಬಂದು ಗುಡುಗತೊಡಗಿತು.

"ಸಾರ್, ಇವತ್ತು ಬರೋಕಾಗಲ್ಲ. ನಮ್ಮ ಮಾವ ಕೊಟ್ಟ ವಾಚು ನೀರಿಗೆ ಬಿದ್ಬಿಡ್ತು."

ಕನ್ನಡದಲ್ಲಿ ವಸ್ತುವಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ. ಆ ಬಾಲವನ್ನೂ, ಅದರ ಜೊತೆ 'ಕೊಟ್ಟ ವಾಚು' ಎಂಬೆರಡು ಮಾತನ್ನೂ ಮೆಷಿನ್ನು ನುಂಗಿಬಿಟ್ಟಿತು. ಮ್ಯಾನೇಜರಿಗೆ ಕೇಳಿಸಿದ್ದು 'ನಮ್ಮ ಮಾವ', 'ನೀರಿಗೆ ಬಿದ್', ಇಷ್ಟೇ.

"ಅಯ್ಯಯ್ಯೋ! ಯಾವಾಗ್ರೀ?"

"ಈಗ ಸಾರ್, ಬೆಳಿಗ್ಗೆ. ಕಣ್ಣೆದುರಿಗೇ ಗಿರಗಿರ ಅಂತ ಸುತ್ತಿ ಸುತ್ತಿ... ನೋಡ್ತಾ ನಿಂತಿದ್ದೆ. ಏನೂ ಮಾಡಕ್ಕಾಗ್ಲಿಲ್ಲ."

"ಸುಳಿಗೆ ಸಿಕ್ಕೊಂಡ್ರಾ! ಜೀವ ಇದೆ ತಾನೇ?"

"ಹೊರಗೆ ತೆಗೆದಾಗ ಒಂದ್ಸಲ ಮಿಣುಕ್ ಅಂತು ಸಾರ್. ಆಮೇಲೆ ಇಲ್ಲ."

"ಡಾಕ್ಟ್ರಿಗೆ ತೋರಿಸಿದ್ರಾ?"

"ದರ್ಜಿಗೆ ತೋರಿಸಿದ್ವಿ ಸಾರ್."

"ದರ್ಜಿ ಯಾಕ್ರೀ... ಓ. ಅಳತೆಗಾ. ಈಗ ಎಲ್ಲಿಟ್ಟಿದೀರ?"

"ಡಬ್ಬದೊಳಗೆ ಹಾಕಿ ಮುಚ್ಚಿದೀನಿ ಸಾರ್."

"ಇಷ್ಟು ಬೇಗ!"

"ಬೇಗ ಹಾಕಿದಷ್ಟೂ ಒಳ್ಳೇದಂತೆ. ಎದುರುಮನೆಯವರು ಹೇಳಿದ್ರು."

"ನಿಮ್ಮ ಮನೆಯವರು... ಪಾಪ, ಹೇಗಿದಾರೆ?"

"ಅವಳಾ? ಬಟ್ಟೆ ಒಣಗಿಸ್ತಿದಾಳೆ ಸಾರ್. ಹೋದ್ರೆ ಹೋಯ್ತು, ಇದ್ದೂ ಏನೂ ಉಪಯೋಗ ಇರಲಿಲ್ಲ ಅಂದ್ಲು."

ಮ್ಯಾನೇಜರು ಕುರ್ಚಿ ಹುಡುಕಿ ಕೂತರು. ದುಃಖ ಮನುಷ್ಯರನ್ನು ಹೀಗೂ ಮಾಡುತ್ತದೆ ಎಂದು ಅವರು ಎಲ್ಲೋ ಓದಿದ್ದರು. "ಅವರಿಗೆ ಶಾಕ್ ಆಗಿದೆ ಕಣ್ರೀ," ಎಂದರು ಮೆತ್ತಗೆ.

"ಇಲ್ಲ ಸಾರ್. ಶಾಕ್ ಹೊಡೆದೀತು ಅಂತ ರಬ್ಬರ್ ಚಪ್ಪಲಿ ಹಾಕ್ಕೊಂಡೇ ಮುಟ್ಟಿದೀವಿ."

ಫೋನು ಇಟ್ಟ ಮ್ಯಾನೇಜರು ಸುಮ್ಮನೆ ಕೂರುವ ಪೈಕಿಯಲ್ಲ. ಬಸ್ಸುಗಳು ತಡವಾದರೆ ಅವರು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಈ ಸುದ್ದಿಯನ್ನು ಡಿಪೋದ ಮೈಕಿನಲ್ಲಿ ಎರಡು ಸಲ ಹೇಳಿಸಿದರು. ಪ್ಲಾಟ್‌ಫಾರಂ ಮೇಲೆ ನಿಂತಿದ್ದ ಜನರಲ್ಲಿ ಅರ್ಧ ಪಾಲು ಮೇಷ್ಟ್ರ ಶಿಷ್ಯರು. ಅವರು ಹತ್ತಿದ ಒಂದೊಂದು ಬಸ್ಸಿನೊಂದಿಗೆ ಸುದ್ದಿಯೂ ಟಿಕೆಟ್ಟಿಲ್ಲದೆ ಊರು ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ಈಜುಕೊಳದ ಗೇಟಿಗೆ ಬೀಗ ಬಿದ್ದು, ಮೇಲೊಂದು ಬೋರ್ಡು ತೂಗಾಡುತ್ತಿತ್ತು: 'ಮೇಷ್ಟ್ರ ಗೌರವಾರ್ಥ ಇಂದು ಯಾರೂ ನೀರಿಗೆ ಇಳಿಯತಕ್ಕದ್ದಲ್ಲ.'

ಇದಾವುದೂ ಛತ್ರಿಗೆ ಗೊತ್ತಿರಲಿಲ್ಲ. ಅವನು ಡಬ್ಬದ ಮುಚ್ಚಳ ತೆಗೆದು ನೋಡುವುದು, ಮುಚ್ಚುವುದು, ಇದನ್ನೇ ಮಾಡಿಕೊಂಡಿದ್ದ. ಸಂಜೆ ಮಾವ ಚೀಲ ಹೆಗಲಿಗೇರಿಸಿಕೊಂಡು ಬಂದರು. ಬಂದವರೇ, "ವಾಚೆಲ್ಲಿ ಅಳಿಯಂದಿರೇ?" ಎಂದು ಗುಡುಗಿದರು.

"ಒಳಗೆ... ರೆಸ್ಟಲ್ಲಿದೆ ಮಾವ," ಎಂದು ಛತ್ರಿ ತುಂಬುತೋಳಿನ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡ. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಛತ್ರಿ ಡಬ್ಬವನ್ನು ಅಟ್ಟಕ್ಕೆ ಏರಿಸಲು ಅಡುಗೆಮನೆಗೆ ಓಡಿದ. ಬಾಗಿಲು ತೆಗೆದದ್ದು ಮಾವ.

ಹೊರಗೆ ಡಿಪೋ ಮ್ಯಾನೇಜರು, ಅವರ ಹಿಂದೆ ಕ್ಯಾಷಿಯರಮ್ಮ, ಅವರ ಹಿಂದೆ ಟ್ರಕ್ಕಿನ ಚಕ್ರದಷ್ಟು ದೊಡ್ಡ ಹೂವಿನ ಹಾರ ಹೊತ್ತ ಒಬ್ಬ ಡ್ರೈವರು. ಮೂವರೂ ಮೇಷ್ಟ್ರ ಹೆಸರು ಕೇಳಿದವರೇ ಹೊರತು ಮುಖ ನೋಡಿದವರಲ್ಲ. ರಸ್ತೆಯಲ್ಲಿ 'ವಿಶೇಷ' ಎಂದು ಬೋರ್ಡು ಹಾಕಿದ ಬಸ್ಸು ನಿಂತಿತ್ತು.

"ಕೊನೆ ಸಲ ನೋಡ್ಕೊಂಡು ಹೋಗೋಣ ಅಂತ ಬಂದ್ವಿ," ಎಂದರು ಮ್ಯಾನೇಜರು ತಗ್ಗಿದ ದನಿಯಲ್ಲಿ.

ಮಾವ ಹೂವಿನ ಹಾರವನ್ನು ನೋಡಿದರು. ಈ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ತಾನು ಬಂದ ತಕ್ಷಣ ಹೇಳಬಾರದೆಂದು ಮಕ್ಕಳು ಮುಚ್ಚಿಟ್ಟಿದ್ದಾರೆ, ಎಂದುಕೊಂಡರು. ಹಿರಿಯರಾಗಿ ತಾವೇ ಧೈರ್ಯ ತಂದುಕೊಂಡು ಬಂದವರನ್ನು ಕೂರಿಸಿದರು. ಹೂವಿನ ಹಾರಕ್ಕೂ ಒಂದು ಕುರ್ಚಿ ಕೊಟ್ಟರು. ಕ್ಯಾಷಿಯರಮ್ಮ ಬಿಕ್ಕಿದಾಗ ತಮ್ಮ ಕರವಸ್ತ್ರ ಕೊಟ್ಟು, "ಸಮಾಧಾನ ಮಾಡ್ಕೋಮ್ಮ. ಯಾರ ಕೈಲೂ ಇಲ್ಲ ಇದು," ಎಂದರು. ಅವರ ಮೆಲುದನಿ ಮೇಲಿನ ಮನೆಯ ದರ್ಜಿಗೆ ಕೇಳಿಸಿ ಅವನೂ ಇಳಿದು ಬಂದ.

"ಎಂಥ ಮನುಷ್ಯ!" ಎಂದು ಮ್ಯಾನೇಜರು ಶುರುಮಾಡಿದರು. "ಸಾವಿರಾರು ಮಂದಿಗೆ ಈಜು ಕಲಿಸಿದ ಕೈ."

ಮಾವನ ಮೀಸೆ ನಿಮಿರಿತು. "ಈಜಾ? ಈ ಊರಲ್ಲಾ? ಯಾರ್ರೀ ಅವನು? ಈ ಊರಲ್ಲಿ ಈಜು ಕಲಿಸಿದೋನು ನಾನೊಬ್ನೇ!"

"ಇವರ ಮಾವ ಸಾರ್. ಮೇಷ್ಟ್ರು."

"ಇವರಿಗೆ ಮಾವ ಅಂತ ಇರೋನೂ ನಾನೊಬ್ನೇ!"

ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಛತ್ರಿ ಹಿಂದಕ್ಕೆ ಹೋಗುವ ಯೋಚನೆ ಮಾಡಿದ. ಆದರೆ ಹಿಂದೆ ಹೆಂಡತಿ ನಿಂತಿದ್ದಳು. ಮಾವ ಎದ್ದು ಕುರ್ಚಿಯಲ್ಲಿದ್ದ ಹಾರದ ರಿಬ್ಬನ್ನನ್ನು ಕೈಗೆತ್ತಿಕೊಂಡು ದೊಡ್ಡದಾಗಿ ಓದಿದರು: "'ನೀರಿನಲ್ಲಿ ಮುಳುಗಿ ನಮ್ಮನ್ನಗಲಿದ ಮೇಷ್ಟ್ರಿಗೆ, ಡಿಪೋ ಸಿಬ್ಬಂದಿ.' ಮುಳುಗಿ?"

"ಹೌದು ಸಾರ್," ಎಂದ ಡ್ರೈವರು, ಇನ್ನೂ ಪೂರ್ತಿ ಅರ್ಥವಾಗದೆ. "ಸುಳಿಗೆ ಸಿಕ್ಕೊಂಡಿದ್ರಂತೆ."

"ಮುಳುಗಿ!" ಗೋಡೆಯ ಮೇಲಿದ್ದ ಕ್ಯಾಲೆಂಡರು ಅಲುಗಾಡಿತು. "ಸತ್ತೆ ಅನ್ನಿ, ಸಹಿಸ್ಕೋತೀನಿ. ಎಲ್ಲರೂ ಸಾಯ್ತಾರೆ. ಎದೆ ನಿಂತುಹೋಯ್ತು ಅನ್ನಿ. ಮೆಟ್ಟಿಲಿಂದ ಉರುಳಿದೆ ಅನ್ನಿ. ಬಸ್ಸು ಗುದ್ದಿತು ಅನ್ನಿ."

"ನಮ್ಮ ಬಸ್ಸು ಹಾಗೆಲ್ಲ ಗುದ್ದಲ್ಲ ಸಾರ್," ಎಂದರು ಮ್ಯಾನೇಜರು, ಅಭ್ಯಾಸಬಲದಿಂದ.

"ಮುಳುಗಿದೆ ಅನ್ನೋಕೆ ಎಷ್ಟು ಧೈರ್ಯ! ನಾನು? ನೀರಲ್ಲಿ? ಹೇಳಿದ್ದು ಯಾರು?"

ಎಲ್ಲರೂ ಛತ್ರಿಯ ಕಡೆ ನೋಡಿದರು. ಛತ್ರಿ ಅಕ್ಕಿ ಡಬ್ಬವನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದ. ಹೆಂಡತಿಯೇ ಮುಂದೆ ಬಂದು, "ಅಪ್ಪಾ, ಮುಳುಗಿದ್ದು ನೀವಲ್ಲ, ನೀವು ಕೊಟ್ಟ ವಾಚು. ಮೆಷಿನ್ನಿಗೆ ಬಿತ್ತು. ಇವರು ಫೋನಲ್ಲಿ ಹೇಳಿದ್ದು ಅದನ್ನೇ," ಎಂದು ಎರಡೇ ಮಾತಿನಲ್ಲಿ ಮುಗಿಸಿದಳು. ಕ್ಯಾಷಿಯರಮ್ಮ ಅಳು ನಿಲ್ಲಿಸಿ, ಕರವಸ್ತ್ರ ಮಡಚಿ ಮೇಷ್ಟ್ರಿಗೆ ವಾಪಸು ಕೊಟ್ಟಳು. ಅವಳ ಮುಖದಲ್ಲಿ ತುಸು ನಿರಾಸೆ ಇತ್ತು.

ಮಾವ ಡಬ್ಬಕ್ಕೆ ಕೈಹಾಕಿ ವಾಚು ತೆಗೆದರು. ಗುಂಡಿಯ ಸಂದಿಗೆ ಅಕ್ಕಿಯ ನುಚ್ಚು ಸಿಕ್ಕಿಕೊಂಡಿತ್ತು, ಗಾಜಿನ ಮೇಲೆ ಹಿಟ್ಟಿನ ಧೂಳು.

"ಅಕ್ಕಿಯಲ್ಲಿ ಇಟ್ಟಿದ್ದು ಯಾರು?"

ಎದುರುಮನೆಯಾಕೆ ಆಗತಾನೆ ಬಾಗಿಲಲ್ಲಿ ಇಣುಕಿದವಳು ಹಾಗೇ ಮಾಯವಾದಳು.

"ಇದು ಸೋಪಿನ ನೀರು ಕುಡಿದಿದೆ. ಸೋಪು ಒಳಗೇ ಕೂತ್ರೆ ಕೊರೆಯುತ್ತೆ. ಮೊದಲು ಒಳ್ಳೆ ನೀರಲ್ಲಿ ಜಾಲಿಸ್ಬೇಕು."

"ಮತ್ತೆ ನೀರಾ?" ಎಂದ ಛತ್ರಿ. "ನೀರಿಂದ ಸತ್ತಿದ್ದನ್ನ ನೀರಲ್ಲೇ ತೊಳೀತಾರಾ ಮಾವ?"

"ನೀರಿನ ತಪ್ಪಲ್ಲ ಅಳಿಯಂದಿರೇ! ನೀರು ಯಾವತ್ತೂ ತಪ್ಪು ಮಾಡಲ್ಲ!"

ಮಾವ ನಲ್ಲಿಯ ಸಣ್ಣ ಧಾರೆಗೆ ವಾಚು ಹಿಡಿದರು. ಪಟ್ಟಿ ಬಿಚ್ಚಿ ಬೇರೆ ಮಾಡಿದರು. ಕನ್ನಡಕದ ಮೆತ್ತನೆ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದರು. ದರ್ಜಿ ಇಸ್ತ್ರಿಯ ಮಾತೆತ್ತಿದಾಗ ಅವನನ್ನು ನೋಡಿದ ನೋಟಕ್ಕೇ ಅವನು ಒಣಗಿಹೋದ. "ಬಿಸಿ ತಾಗಿಸಬಾರ್ದು. ಬಿಸಿಲಿಗೂ ಇಡಬಾರ್ದು. ಒದ್ದೆ ಹೋಗೋ ತನಕ ಚಾರ್ಜರಿಗೆ ಹಾಕ್ಲೇಬಾರ್ದು, ಹಾಕಿದ್ರೆ ಸುಟ್ಟೇಹೋಗುತ್ತೆ. ಫ್ಯಾನಿನ ಗಾಳಿ, ತಾಳ್ಮೆ. ಅಷ್ಟೇ ಔಷಧಿ." ವಾಚನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಮಗುವನ್ನು ಮಲಗಿಸಿದಂತೆ ಮಲಗಿಸಿ, ತಿರುಗಿ ನಿಂತು ಘೋಷಿಸಿದರು.

"ಮ್ಯಾನೇಜರೇ, ಊರಿಗೆಲ್ಲ ನಾನು ಮುಳುಗಿದೆ ಅಂತ ಮೈಕಲ್ಲಿ ಹೇಳಿಸಿದೀರ. ನಾಳೆ ಬೆಳಿಗ್ಗೆ ಅದೇ ಮೈಕಲ್ಲಿ ಎಲ್ಲರನ್ನೂ ಕೊಳಕ್ಕೆ ಕರೀರಿ. ಅವರ ಮುಂದೆ ಈಜಿ ತೋರಿಸ್ತೀನಿ. ನಾನೊಬ್ನೇ ಅಲ್ಲ, ನನ್ನ ಅಳಿಯಂದಿರೂ ಪಕ್ಕದಲ್ಲೇ ಈಜ್ತಾರೆ. ದಿನಾ ಹೋಗ್ತಾರೆ ಅವರು. ಈ ವಾಚು ಬದುಕ್ಕೊಂಡ್ರೆ ನೋಡಿ, ಯಾವ ದಿನ ಎಷ್ಟು ಸುತ್ತು ಈಜಿದ್ರು ಅನ್ನೋದೆಲ್ಲ ಇದರೊಳಗೇ ಇರುತ್ತಂತೆ. ಎಲ್ಲರ ಮುಂದೆ ಓದಿಸ್ತೀನಿ!"

ಬೆಳಿಗ್ಗೆಯಿಂದ ವಾಚು ಬದುಕಲೆಂದು ಕಂಡಕಂಡ ದೇವರಿಗೆಲ್ಲ ಮೊರೆಯಿಟ್ಟಿದ್ದ ಛತ್ರಿ ಆ ಕ್ಷಣದಿಂದ ಮೊರೆಯ ದಿಕ್ಕು ಬದಲಿಸಿದ.

ಬಂದವರು ಹೋದರು. ಹಾರವನ್ನು ಮಾತ್ರ ಮಾವ ಬಿಡಲಿಲ್ಲ, "ಹೂವು ಚೆನ್ನಾಗಿದೆ, ಇರ್ಲಿ," ಎಂದು ಇಟ್ಟುಕೊಂಡು ಸ್ನಾನಕ್ಕೆ ನಡೆದರು. ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿದ ಕೂಡಲೇ ಛತ್ರಿ ಬೆರಳ ತುದಿಯಲ್ಲಿ ನಡೆದು ಕಿಟಕಿಯ ಬಳಿ ಬಂದ. ಕೈಯಲ್ಲಿ ಚಾರ್ಜರಿತ್ತು.

"ಏನ್ರೀ ಮಾಡ್ತಿದೀರ?" ಹಿಂದಿನಿಂದ ಹೆಂಡತಿಯ ದನಿ.

"ಚಾರ್ಜಿಗೆ ಹಾಕ್ತಿದೀನಿ."

"ಒದ್ದೆ ಇದ್ದಾಗ ಹಾಕಿದ್ರೆ ಸುಟ್ಟುಹೋಗುತ್ತೆ ಅಂದ್ರಲ್ಲ ಅಪ್ಪ."

"ಅದಕ್ಕೇ."

ಅವಳು ಚಾರ್ಜರು ಕಿತ್ತುಕೊಂಡು ಸೆರಗಿನ ಗಂಟಿಗೆ ಸೇರಿಸಿದಳು. "ನೀವು ನೀರಿಗಿಳಿದಿಲ್ಲ ಅಂತ ನಂಗೆ ಮೊದಲನೇ ವಾರವೇ ಗೊತ್ತು."

ಛತ್ರಿ ಮೇಜು ಹಿಡಿದುಕೊಂಡ. "ಹೇಗೆ?"

"ಟವೆಲ್ಲು ಒಗೆಯೋಳು ನಾನು. ಕೊಳದ ನೀರಿಗೆ ಒಂದು ಔಷಧಿ ವಾಸನೆ ಇರುತ್ತೆ. ಆ ವಾಸನೇಲೇ ಹುಟ್ಟಿ ಬೆಳೆದೋಳು. ನಿಮ್ಮ ಟವೆಲ್ಲು ಬರೀ ಟೀ ವಾಸನೆ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಬೆಳಿಗ್ಗೆ ಒಂದು ಗಂಟೆ ಮನೆ ತಣ್ಣಗಿರ್ತಿತ್ತು. ಸುಮ್ನೆ ಯಾಕೆ ಕೆಡಿಸ್ಕೊಳ್ಳಿ?" ಅವಳು ವಾಚಿನ ಮೇಲಿದ್ದ ಕೊನೆಯ ಅಕ್ಕಿಯ ನುಚ್ಚನ್ನು ಉಗುರಿನಿಂದ ತೆಗೆದಳು. "ನಂಗೂ ಈಜು ಬರಲ್ಲ. ಚಿಕ್ಕೋಳಿದ್ದಾಗ ಅಪ್ಪನ ಮುಖಕ್ಕೇ ಹೇಳಿದೆ, ನಾನು ಮೀನಲ್ಲ, ನನ್ನ ಬಿಟ್ಬಿಡಿ ಅಂತ. ಒಂದು ವಾರ ಮಾತು ಬಿಟ್ರು. ಆಮೇಲೆ ತಾವೇ ಬಂದು ಮಾತಾಡಿಸಿದ್ರು. ಯಾರೂ ಸಾಯ್ಲಿಲ್ಲ. ಹೇಳ್ಬಿಡಿ."

"ಹೇಳಲ್ಲ," ಎಂದ ಛತ್ರಿ. "ನಾಳೆ ಜ್ವರ ಬರುತ್ತೆ ನಂಗೆ."

ಜ್ವರ ಬರಲಿಲ್ಲ. ಬಂದರೂ ಮಾವ ಅದನ್ನು ಮನೆಯೊಳಗೆ ಬಿಡುತ್ತಿರಲಿಲ್ಲ.

ಬೆಳಿಗ್ಗೆ ಈಜುಕೊಳದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಸತ್ತವರು ಈಜುವುದನ್ನು ನೋಡುವ ಅವಕಾಶ ದಿನಾ ಸಿಗುವುದಿಲ್ಲವಷ್ಟೆ. ಡಿಪೋದವರು ಒಂದು ಬಸ್ಸು ತುಂಬ, ಹಳೆಯ ಶಿಷ್ಯರು, ಅವರ ಮಕ್ಕಳು, ದರ್ಜಿ, ಎದುರುಮನೆಯಾಕೆ, ಟೀ ಅಂಗಡಿಯವನು ಕೂಡ ಅಂಗಡಿ ಮುಚ್ಚಿ ಬಂದಿದ್ದ. ಅವನು ಛತ್ರಿಯನ್ನು ಈಜುವ ಚಡ್ಡಿಯಲ್ಲಿ ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ಆ ಚಡ್ಡಿ ಮಾವನದು. ಒಂದು ಕೈ ಅದನ್ನು ಹಿಡಿದುಕೊಳ್ಳುವುದಕ್ಕೇ ಬೇಕಾಗಿತ್ತು.

ಮಾವ ಎತ್ತರದ ಹಲಗೆಯಿಂದ ಹಾರಿದರು. ನೀರು ಅವರನ್ನು ಸದ್ದಿಲ್ಲದೆ ಒಳಗೆ ಸೇರಿಸಿಕೊಂಡಿತು. ಬಹಳ ಹೊತ್ತು ಮೇಲೆ ಬರಲಿಲ್ಲ. ಮ್ಯಾನೇಜರು ಹಾರ ಇನ್ನೂ ಬಾಡಿಲ್ಲ ತಾನೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವಷ್ಟರಲ್ಲಿ, ಕೊಳದ ಆ ತುದಿಯಲ್ಲಿ ಮೀಸೆಯೊಂದು ಎದ್ದಿತು. ಜನ ಚಪ್ಪಾಳೆ ತಟ್ಟಿದರು. ಮಾವ ಬೆನ್ನ ಮೇಲೆ ಈಜಿದರು, ಒಂದೇ ಕೈಯಲ್ಲಿ ಈಜಿದರು, ಕೊನೆಗೆ ಎರಡೂ ಕೈ ಎದೆಯ ಮೇಲೆ ಕಟ್ಟಿ ಬರೀ ಕಾಲಿನಲ್ಲಿ ಈಜುತ್ತಾ, "ಮುಳುಗಿದೆನಾ? ಹೇಳಿ, ಮುಳುಗಿದೆನಾ?" ಎಂದು ದಡದ ಉದ್ದಕ್ಕೂ ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದರು. ಎಲ್ಲರೂ ಇಲ್ಲವೆಂದು ಒಪ್ಪಿದ ಮೇಲೆಯೇ ಮೇಲೆ ಹತ್ತಿದರು.

"ಈಗ ಅಳಿಯಂದಿರು! ಅದಕ್ಕೂ ಮುಂಚೆ..." ಮಾವ ಟವೆಲ್ಲಿನ ಮಡಿಕೆಯಿಂದ ವಾಚು ತೆಗೆದು ಗುಂಡಿ ಒತ್ತಿ ಹಿಡಿದರು.

ವಾಚು ಹೊಳೆಯಿತು.

ಜನ ಓ ಎಂದರು. ಛತ್ರಿ ಅಯ್ಯೋ ಎಂದ, ಆದರೆ ಆ ಗದ್ದಲದಲ್ಲಿ ಅದೂ ಸಂತೋಷದ ಪೈಕಿಯೇ ಸೇರಿಹೋಯಿತು. ಮಾವನ ಕನ್ನಡಕ ಮನೆಯಲ್ಲಿತ್ತು. ಅವರು ವಾಚನ್ನು ಮ್ಯಾನೇಜರ ಕೈಗೆ ಕೊಟ್ಟು, "ಈಜು ಅಂತ ಇರುತ್ತೆ ನೋಡಿ. ಗಟ್ಟಿಯಾಗಿ ಓದಿ," ಎಂದರು.

ಮ್ಯಾನೇಜರು ಬೆರಳಿನಿಂದ ಸರಿಸಿ ಸರಿಸಿ ಹುಡುಕಿದರು. "ಸಿಕ್ತು. ಈಜು... ಸೊನ್ನೆ."

"ಇವತ್ತಿನದಲ್ಲ. ಮೊದಲಿಂದ."

"ಮೊದಲಿಂದಲೇ ಸಾರ್. ಸೊನ್ನೆ."

"ಸರಿಯಾಗಿ ನೋಡ್ರೀ!"

"ದಪ್ಪಕ್ಷರದಲ್ಲೇ ಇದೆ ಸಾರ್. ಕೆಳಗೆ ಇನ್ನೊಂದೇನೋ ಬಂದಿದೆ. 'ನೀವು ಬಹಳ ಹೊತ್ತಿನಿಂದ ಕೂತಿದ್ದೀರಿ. ಎದ್ದು ಸ್ವಲ್ಪ ಓಡಾಡಿ' ಅಂತ."

ಟೀ ಅಂಗಡಿಯವನು ಕೆಮ್ಮಿದ. ಮಾವ ಅಳಿಯನನ್ನು ನೋಡಿದರು, ವಾಚನ್ನು ನೋಡಿದರು, ಕೊನೆಗೆ ಜನರ ಕಡೆ ತಿರುಗಿ ಎದೆಯುಬ್ಬಿಸಿದರು.

"ವಾಚು ಕೆಟ್ಟಿದೆ! ಸೋಪಿನ ನೀರು ತಲೆಗೇರಿ ಬಾಯಿಗೆ ಬಂದದ್ದು ಹೇಳ್ತಿದೆ. ನನ್ನ ಅಳಿಯಂದಿರು ಸುಳ್ಳು ಹೇಳೋ ಪೈಕಿ ಅಲ್ಲ. ಯಂತ್ರದ ಮಾತು ನಂಬ್ತೀರಾ, ಮನುಷ್ಯನ ಮಾತು ನಂಬ್ತೀರಾ?"

"ಮನುಷ್ಯನ ಮಾತು!" ಎಂದು ಜನ ಕೂಗಿದರು. ಮ್ಯಾನೇಜರೂ ತಲೆಯಾಡಿಸಿ, "ನಮ್ಮ ಟಿಕೆಟ್ ಮೆಷಿನ್ನೂ ಹೀಗೇ ಸಾರ್, ನೀರು ಬಿದ್ರೆ ಏನೇನೋ ಬರೆಯುತ್ತೆ," ಎಂದು ಸಾಕ್ಷಿ ಹೇಳಿದರು. ದರ್ಜಿ, "ನಾನಂದೆ, ಇಸ್ತ್ರಿ ಹೊಡೀಬೇಕಿತ್ತು," ಎಂದ.

ಇಷ್ಟು ಅಗಲವಾದ ದಾರಿ ತಪ್ಪಿತಸ್ಥನಿಗೆ ಯಾವ ಕಾಲದಲ್ಲೂ ತೆರೆದಿರಲಿಕ್ಕಿಲ್ಲ. ಒಂದು ಕಾಲು ಉಳುಕಿತೆಂದರೆ ಸಾಕಾಗಿತ್ತು. ಹೆಂಡತಿ ಎದುರು ದಡದಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಛತ್ರಿ ಚಡ್ಡಿಯನ್ನು ಒಂದು ಸಲ ಮೇಲೆಳೆದುಕೊಂಡ. ಬಾಯಿ ತೆರೆದಾಗ ಅವನಿಗೇ ತನ್ನ ದನಿ ಮಾವನದರಂತೆ ಕೇಳಿಸಿತು.

"ವಾಚು ಸರಿಯಾಗಿದೆ ಮಾವ!"

"ಏನಂದ್ರಿ?"

"ಸರಿಯಾಗಿದೆ ಅಂದೆ. ನೀವು ಚೆನ್ನಾಗಿ ಉಳಿಸಿದೀರ ಅದನ್ನ. ನಂಗೆ ಈಜು ಬರಲ್ಲ. ಒಂದು ದಿನಾನೂ ನೀರಿಗಿಳಿದಿಲ್ಲ. ಎದುರಿಗೆ ಕೂತು ಟೀ ಕುಡೀತಿದ್ದೆ. ಬೇಕಾದ್ರೆ ಇವರನ್ನ ಕೇಳಿ."

"ಎರಡು ಟೀ. ಒಂದೊಂದ್ಸಲ ಮೂರು," ಎಂದ ಟೀ ಅಂಗಡಿಯವನು.

ಯಾರೋ ಕಿಸಕ್ಕೆಂದರು. ನಗು ಕೊಳದ ಸುತ್ತ ಒಂದು ಸುತ್ತು ಹೊಡೆಯಿತು. ಮಾವನ ಮುಖ ಹೂವಿನ ಹಾರದ ಬಣ್ಣಕ್ಕೆ ತಿರುಗಿತು. "ಮನೆಗೆ ನಡೀರಿ," ಎಂದರು. ಜೀವನದಲ್ಲಿ ಮೊದಲ ಸಲ ಅವರು ನಿಜವಾಗಿಯೂ ಮೆಲ್ಲಗೆ ಮಾತಾಡಿದ್ದರು.

"ಇಲ್ಲ ಮಾವ. ಬಂದಿದೀನಿ, ಚಡ್ಡಿನೂ ಹಾಕ್ಕೊಂಡಿದೀನಿ. ಆ ಕಡೆ ದಡಕ್ಕೆ ಹೋಗೇ ಹೋಗ್ತೀನಿ."

"ಈಜು ಬರಲ್ಲ ಅಂದ್ರಲ್ರೀ!"

"ನಡ್ಕೊಂಡು ಹೋಗ್ತೀನಿ."

ಯಾರಾದರೂ ತಡೆಯುವ ಮುನ್ನ ಛತ್ರಿ ಆಳ ಕಡಿಮೆಯಿದ್ದ ಕಡೆಯ ಏಣಿ ಹಿಡಿದು ಇಳಿದುಬಿಟ್ಟ. ಮೊದಲು ಮೊಣಕಾಲು, ಆಮೇಲೆ ಸೊಂಟ. ನೀರು ತಣ್ಣಗಿತ್ತು. ಅವನ ಬಾಯಿಯಿಂದ ಹೊರಟ ಸದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವನು ಅಡ್ಡಕ್ಕೆ ಕಟ್ಟಿದ್ದ ಹಗ್ಗವನ್ನೂ ಹಿಡಿಯಲಿಲ್ಲ, ಏಕೆಂದರೆ ಎರಡೂ ಕೈ ಚಡ್ಡಿಯ ಮೇಲಿದ್ದವು. ತಲೆಯೆತ್ತಿ, ಬಸ್ಸಿಗೆ ಹೊತ್ತಾದ ಪ್ರಯಾಣಿಕನಂತೆ, ಹೆಜ್ಜೆ ಹಾಕಿದ. ನಡುವೆ ಬಂದಾಗ ನೆಲ ಸ್ವಲ್ಪ ಜಾರಿತು. ನೀರು ಕತ್ತಿಗೆ ಬಂತು, ಗಲ್ಲಕ್ಕೆ ಬಂತು.

"ವಾಪಸ್ ಬನ್ರೀ!" ಮಾವ ದಡದ ಮೇಲೆ ಅವನ ಜೊತೆಜೊತೆಗೇ ಓಡುತ್ತಿದ್ದರು. "ಮುಳುಗ್ತೀರ! ಎಲ್ಲರ ಮುಂದೆ ಮುಳುಗ್ತೀರ!"

"ಮುಳುಗಿದ್ರೆ ಮುಳುಗಿದ ಅಂತಾನೇ ಬರೆಸಿ ಮಾವ!" ಎಂದು ಛತ್ರಿ ಕೂಗಿದ, ಒಂದು ಗುಟುಕು ನೀರು ಕುಡಿದು, ಅದನ್ನು ಉಗಿದು. "ನಂಗೇನೂ ಅವಮಾನ ಇಲ್ಲ!"

ಜನ ಮತ್ತೆ ನಕ್ಕರು. ಈ ಸಲದ ನಗೆ ಬೇರೆ ಥರದ್ದು. ಡ್ರೈವರೊಬ್ಬ "ಹೋಗಲಿ ಬಿಡಿ, ರೈಟ್!" ಎಂದು ಶಿಳ್ಳೆ ಹೊಡೆದ. ಕ್ಯಾಷಿಯರಮ್ಮ ಮತ್ತೆ ಅಳತೊಡಗಿದಳು, ಆದರೆ ಈಗ ಕಾರಣವಿತ್ತು. ಮಾವ ಮಾತ್ರ ಓಡುವುದನ್ನು ಬಿಡಲಿಲ್ಲ. ಓಡುತ್ತಾ ಓಡುತ್ತಾ ಅವರ ಬೈಗುಳ ಹೇಗೋ ಪಾಠವಾಗಿ ಬದಲಾಗಿತ್ತು. "ಉಸಿರು ಹಿಡೀಬೇಡಿ! ಬಿಡಿ! ಗಲ್ಲ ಮೇಲಕ್ಕೆ! ಹಾಗೇ, ಹಾಗೇ... ಎಡಗಾಲು ಊರಿ!"

ಛತ್ರಿ ಎದುರು ದಡದ ಏಣಿಯನ್ನು ಹಿಡಿದಾಗ ಚಪ್ಪಾಳೆಯಿಂದ ಕೊಳದ ನೀರೇ ಅಲುಗಾಡಿತು. ಹೆಂಡತಿ ಕೈಕೊಟ್ಟಳು. ಅವನು ಅರ್ಧ ಹತ್ತಿ, ನಡುಗುತ್ತಾ ಹಿಂದಕ್ಕೆ ತಿರುಗಿ ನೋಡಿದ. ಅವನ ಬಟ್ಟೆ, ಚಪ್ಪಲಿ, ಟವೆಲ್ಲು ಎಲ್ಲ ಆ ದಡದಲ್ಲಿದ್ದವು.

"ಸಾಕು ಅಳಿಯಂದಿರೇ," ಎಂದರು ಮಾವ ಏದುಸಿರು ಬಿಡುತ್ತಾ. ಅವರ ದನಿಯಲ್ಲಿ ಕೋಪ ಹುಡುಕಿದರೂ ಸಿಗುತ್ತಿರಲಿಲ್ಲ. "ಸುತ್ತಿಬಳಸಿ ಕಟ್ಟೆ ಮೇಲಿಂದಲೇ ಬನ್ನಿ. ಟವೆಲ್ಲು ಕೊಡ್ತೀನಿ."

"ಸುತ್ತಿಬಳಸಿ ಯಾಕೆ ಮಾವ?" ಎಂದ ಛತ್ರಿ. "ದಾರಿ ಗೊತ್ತಾಯ್ತಲ್ಲ."

ಚಡ್ಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಅವನು ಮತ್ತೆ ನೀರಿಗಿಳಿದ.